ಸಿಡಿಲಿಗೆ ಹೆದರಿ ಕಾರಿಳಿಯಬೇಡಿ, ಧೈರ್ಯ ಮಾಡಿ ಕಾರನ್ನು ನೀರಿಗಿಳಿಸಬೇಡಿ: ಮಳೆದಾರಿಯ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಮಳೆಗಾಲ ಹತ್ತಿರ ಬರುತ್ತಿದ್ದಂತೆ ಫ್ಯಾಮಿಲಿ ಗ್ರೂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು: ‘ಗುಡುಗು ಸಿಡಿಲಿರುವಾಗ ಕಾರಿನಲ್ಲಿ ಕೂರಬೇಡಿ. ಕಬ್ಬಿಣಕ್ಕೆ ಸಿಡಿಲು ಬಡಿಯುತ್ತದೆ, ತಕ್ಷಣ ಇಳಿದುಬಿಡಿ.’ ಇನ್ನೊಂದು ವಿಡಿಯೊ ರೂಪದಲ್ಲಿರುತ್ತದೆ. ಉಕ್ಕಿ ಹರಿಯುವ ಹಳ್ಳವನ್ನು ಒಂದು ಗಾಡಿ ಸೀಳಿಕೊಂಡು ದಾಟುತ್ತದೆ, ಕೆಳಗೆ ಸಲಹೆ: ‘ಫಸ್ಟ್ ಗೇರ್ ಹಾಕಿ, ಆಕ್ಸಿಲರೇಟರ್ ಬಿಡಬೇಡಿ, ಆರಾಮಾಗಿ ದಾಟಬಹುದು.’

ಎರಡೂ ತಲೆಕೆಳಗಾಗಿವೆ. ಸಿಡಿಲಿರುವಾಗ ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಕಾರಿನ ಒಳಗಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನೀರಿನ ವಿಷಯದಲ್ಲಿ ಮಾತ್ರ ಅದೇ ಕಾರು ನಿಮ್ಮನ್ನು ಕಾಪಾಡುವುದಿಲ್ಲ. ಯಾಕೆ ಹೀಗೆ ಎಂಬುದು ತಿಳಿದರೆ ಮುಂದಿನ ಬಾರಿ ಇಂಥ ಸಂದೇಶ ಬಂದಾಗ ಏನು ಮಾಡಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಟೈರಿನ ರಬ್ಬರ್ ಕಾಪಾಡುತ್ತದೆಯೇ?

‘ಕಾರು ಸುರಕ್ಷಿತ’ ಎಂದು ಸರಿಯಾಗಿ ಹೇಳುವ ಸಂದೇಶಗಳೂ ಕಾರಣವನ್ನು ಮಾತ್ರ ತಪ್ಪಾಗಿ ಕೊಡುತ್ತವೆ. ಟೈರು ರಬ್ಬರಿನದು, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಕಾರಿಗೆ ಸಿಡಿಲು ಬಡಿಯುವುದಿಲ್ಲ ಎಂಬುದು ಅವುಗಳ ವಾದ. ಸ್ವಲ್ಪ ಯೋಚಿಸಿ. ಗಾಳಿಯಲ್ಲೂ ಕರೆಂಟ್ ಸುಲಭವಾಗಿ ಹರಿಯುವುದಿಲ್ಲ. ಅಂಥ ಗಾಳಿಯನ್ನು ಕಿಲೋಮೀಟರುಗಟ್ಟಲೆ ಸೀಳಿಕೊಂಡು ಬಂದ ಸಿಡಿಲಿಗೆ ನೆಲ ಮುಟ್ಟಲು ಉಳಿದಿರುವ ಕೆಲವೇ ಇಂಚು ರಬ್ಬರ್ ಯಾವ ಲೆಕ್ಕ? ಅದೂ ಮಳೆಯಲ್ಲಿ ನೆಂದು ತೊಪ್ಪೆಯಾದ ಟೈರು!

ಕಾರಿಗೂ ಸಿಡಿಲು ಬಡಿಯುತ್ತದೆ. ಆದರೆ ಒಳಗಿದ್ದವರನ್ನು ಕಾಪಾಡುವುದು ಅದರ ಲೋಹದ ಮೈ. ಮೈಕೆಲ್ ಫ್ಯಾರಡೆ 1836ರಲ್ಲಿ ಲೋಹದ ಹಾಳೆ ಹೊದಿಸಿದ ಒಂದು ಕೋಣೆ ಕಟ್ಟಿ, ಹೊರಗಿನಿಂದ ಅದಕ್ಕೆ ಭಾರಿ ವಿದ್ಯುತ್ ಹಾಯಿಸಿ ನೋಡಿದರು. ವಿದ್ಯುತ್ತೆಲ್ಲ ಹೊರಮೈಯಲ್ಲೇ ಉಳಿಯಿತು, ಒಳಗಿಟ್ಟ ಉಪಕರಣಕ್ಕೆ ಅದರ ಸುಳಿವೂ ಸಿಗಲಿಲ್ಲ. ಕಾರೂ ಹೆಚ್ಚುಕಮ್ಮಿ ಅಂಥದ್ದೇ ಒಂದು ಪಂಜರ. ಸಿಡಿಲು ಚಾವಣಿಗೆ ಬಡಿದು, ಹೊರಮೈಯಲ್ಲೇ ಹರಿದು, ಚಕ್ರಗಳ ಬಳಿಯಿಂದ ನೆಲಕ್ಕೆ ಹೋಗುತ್ತದೆ. ಟೈರು ಸಿಡಿಯಬಹುದು, ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು, ಗ್ಯಾರೇಜಿನ ಬಿಲ್ಲು ನೋಡಿ ಎದೆ ಒಡೆಯಬಹುದು. ಒಳಗಿನವರು ಮಾತ್ರ ಸಾಮಾನ್ಯವಾಗಿ ಪಾರಾಗುತ್ತಾರೆ.

ಗುಡುಗು ಜೋರಾದರೆ ಗಾಡಿಯನ್ನು ರಸ್ತೆಯಿಂದ ಪಕ್ಕಕ್ಕೆ ತಂದು, ಮರದಡಿ ಅಲ್ಲದ ಕಡೆ ನಿಲ್ಲಿಸಿ. ಗಾಜು ಏರಿಸಿ, ಕೈ ತೊಡೆಯ ಮೇಲಿರಲಿ. ಬಾಗಿಲಿನ ಲೋಹ ಮುಟ್ಟಬೇಡಿ, ಚಾರ್ಜರಿಗೆ ಸಿಕ್ಕಿಸಿದ ಫೋನ್ ಹಿಡಿಯಬೇಡಿ. (ಚಾರ್ಜರಿಗೆ ಸಿಕ್ಕಿಸದ ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂಬುದು ಇನ್ನೊಂದು ಕಟ್ಟುಕತೆ. ಅದಕ್ಕೆ ಅಂಥ ಶಕ್ತಿಯಿಲ್ಲ.) ಮೈಯೆಲ್ಲ ಲೋಹವಿರುವ ಬಸ್ಸಿನ ಒಳಗೂ ಇದೇ ರಕ್ಷಣೆ ಸಿಗುತ್ತದೆ. ಆಟೊ, ಟಾರ್ಪಾಲಿನ್ ಹೊದಿಸಿದ ಜೀಪು, ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರು, ಬೈಕು ಇವುಗಳಲ್ಲಿ ಸಿಗುವುದಿಲ್ಲ.

ಬೈಕಿನವರ ಮಾತು ಬೇರೆಯೇ ಹೇಳಬೇಕು. ಮಳೆ ಬಂದ ಕೂಡಲೇ ನಮ್ಮಲ್ಲಿ ಬೈಕು ನಿಲ್ಲುವುದು ಹುಣಸೆ ಮರದ ಕೆಳಗೆ, ಆಲದ ಮರದ ಕೆಳಗೆ. ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತವರ ಮೇಲೆ ಹಾರುತ್ತದೆ, ಬೇರಿನ ಸುತ್ತಲ ನೆಲದಲ್ಲೂ ಹರಡುತ್ತದೆ. ಎಲ್ಲರೂ ತಲೆ ಒರೆಸಿಕೊಳ್ಳುತ್ತಾ ಒತ್ತೊತ್ತಾಗಿ ನಿಂತಿದ್ದರೆ ಒಂದೇ ಏಟಿಗೆ ಹಲವರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳ ಪ್ರಕಾರ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ನೆನೆದರೆ ಶೀತವಾಗುತ್ತದೆ, ಅಷ್ಟೇ. ನೆನೆದುಕೊಂಡೇ ಹೋಗಿ ಗೋಡೆ, ಚಾವಣಿ ಎರಡೂ ಇರುವ ಅಂಗಡಿಯನ್ನೋ ಮನೆಯನ್ನೋ ಹೊಕ್ಕುಬಿಡಿ. ಮೂರು ಕಡೆ ತೆರೆದ ತಗಡಿನ ಬಸ್ ಶೆಲ್ಟರು ಮಳೆಗೆ ಸಾಕು, ಸಿಡಿಲಿಗೆ ಸಾಲದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೊರಡಿ. ಮಿಂಚು ಕಂಡು ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಒಂದು ಕಿ.ಮೀ. ದೂರದಲ್ಲಿದೆ ಎಂದು ಲೆಕ್ಕ. ಹತ್ತಿರದಲ್ಲಿ ಸಿಡಿಲಿನ ಸಂಭವವಿದೆಯೇ ಎಂದು ತಿಳಿಸಲು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ, ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಕೂಡ ಇದೆ.

ಕಾರಿನೊಳಗೇ ಉಳಿಯಬೇಕಾದ ಇನ್ನೊಂದು ಸಂದರ್ಭವಿದೆ. ಗಾಳಿಗೆ ಕರೆಂಟ್ ತಂತಿ ತುಂಡಾಗಿ ಗಾಡಿಯ ಮೇಲೆ ಬಿದ್ದರೆ ಇಳಿಯಬೇಡಿ. ಕಾಲು ನೆಲಕ್ಕಿಟ್ಟು ಕೈ ಬಾಗಿಲಿನ ಮೇಲಿಟ್ಟ ಕ್ಷಣದಲ್ಲಿ ಕರೆಂಟು ನಿಮ್ಮ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ. ಒಳಗೇ ಕುಳಿತು 1912ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಹತ್ತಿರ ಬರುವವರನ್ನು ಕೂಗಿ ತಡೆಯಿರಿ.

ನೀರಿನ ಲೆಕ್ಕ

ಈಗ ನೀರಿಗೆ ಬರೋಣ. ‘ಮೊಣಕಾಲುದ್ದ ನೀರಿದೆ ಅಷ್ಟೇ, ಹೋಗಬಹುದು’ ಎಂಬ ಮಾತು ಕೇಳದವರಿಲ್ಲ. ಆ ಮಾತಿಗೊಂದು ಲೆಕ್ಕ ಹಾಕಿ ನೋಡೋಣ, ಶಾಲೆಯಲ್ಲಿ ಕಲಿತ ಆರ್ಕಿಮಿಡೀಸ್ ಸಾಕು.

ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರಿನ ತೂಕ ಸುಮಾರು 900 ಕೆ.ಜಿ. ಉದ್ದ 4 ಮೀಟರಿಗಿಂತ ಸ್ವಲ್ಪ ಕಡಿಮೆ, ಅಗಲ 1.6 ಮೀಟರಿನ ಆಸುಪಾಸು. ಚಕ್ರದ ಜಾಗ, ಮೂಲೆಗಳ ದುಂಡು ಎಲ್ಲ ಕಳೆದರೂ ತಳ ಮುಟ್ಟಿದ ಮೇಲೆ ನೀರು ಪ್ರತಿ 10 ಸೆಂ.ಮೀ. ಏರಿದಾಗ ಕಾರನ್ನು ಸುಮಾರು 500 ಕೆ.ಜಿ.ಯಷ್ಟು ಮೇಲಕ್ಕೆ ಎತ್ತುತ್ತದೆ. ಕಾರಿನ ತಳ ನೆಲದಿಂದ 17 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ನೀರು 27 ಸೆಂ.ಮೀ. ಆಗುವ ಹೊತ್ತಿಗೆ ಟೈರಿನ ಮೇಲಿದ್ದ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯ. 35 ಸೆಂ.ಮೀ. ಆದರೆ ಕಾರು ತೇಲತೊಡಗುತ್ತದೆ. ಒರಟು ಲೆಕ್ಕ ನಿಜ, ಆದರೂ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಜನರಿಗೆ ಕೊಡುವ ಎಚ್ಚರಿಕೆ ಇದಕ್ಕೆ ತೀರಾ ಹತ್ತಿರದ್ದು: ಒಂದು ಅಡಿ ನೀರು ಹಲವು ಕಾರುಗಳನ್ನು ತೇಲಿಸಬಲ್ಲದು, ಎರಡು ಅಡಿ ರಭಸದ ನೀರು ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಒಂದು ಅಡಿ ಎಂದರೆ ಮೊಣಕಾಲಿಗಿಂತ ಕೆಳಗೆ.

ತೇಲಿದ ಕಾರಿಗೆ ಸ್ಟಿಯರಿಂಗ್ ಇಲ್ಲ, ಬ್ರೇಕ್ ಇಲ್ಲ. ಟೈರು ನೆಲವನ್ನು ಒತ್ತಿ ಹಿಡಿದಿದ್ದರೆ ಮಾತ್ರ ಅವೆಲ್ಲ ಕೆಲಸ ಮಾಡುವುದು. ‘ನನ್ನದು ದೊಡ್ಡ ಗಾಡಿ’ ಎನ್ನುವವರು ಗಮನಿಸಬೇಕಾದ್ದು, ದೊಡ್ಡ ಗಾಡಿಗೆ ತಳವೂ ದೊಡ್ಡದು, ಆಮೇಲೆ ಪ್ರತಿ ಇಂಚಿಗೂ ನೀರು ಅದನ್ನು ಎತ್ತುವ ಬಲವೂ ಹೆಚ್ಚು. ಇದರ ಜೊತೆಗೆ ಹರಿವಿನ ತಳ್ಳಾಟ. ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಬೈಕಿನ ವಿಷಯ ಹೇಳಲೇಬೇಕಿಲ್ಲ, ರಭಸದ ನೀರು ಅರ್ಧ ಅಡಿ ಇದ್ದರೂ ಗಟ್ಟಿಮುಟ್ಟಾದ ಆಳನ್ನು ಬೀಳಿಸಬಲ್ಲದು.

ಮುಂದೆ ಹೋದ ಲಾರಿ ದಾಟಿತು ಎಂಬುದೂ ಸಾಕ್ಷಿಯಲ್ಲ. ಲಾರಿಯ ತೂಕ ಬೇರೆ, ತಳದ ಎತ್ತರ ಬೇರೆ. ಅದು ಎಬ್ಬಿಸುವ ಅಲೆ ನಿಮ್ಮ ಬಾನೆಟ್ಟಿಗೆ ಬಡಿಯುವುದು ಉಚಿತ.

ಇಲ್ಲಿ ಒಂದು ಹಳೆಯ ವಿಡಿಯೊದ ಬಗ್ಗೆ ಹೇಳಬೇಕು. 2019ರ ಆಗಸ್ಟಿನಲ್ಲಿ ಕೃಷ್ಣಾ ಪ್ರವಾಹದ ವೇಳೆ ರಾಯಚೂರು ಜಿಲ್ಲೆಯಲ್ಲಿ ಮುಳುಗಿದ ಸೇತುವೆಯ ಮೇಲೆ ಆಂಬ್ಯುಲೆನ್ಸಿಗೆ ಒಬ್ಬ ಹುಡುಗ ಮುಂದೆ ಮುಂದೆ ಓಡಿ ದಾರಿ ತೋರಿಸಿದ್ದು ನಿಮಗೆ ನೆನಪಿರಬಹುದು. ಹುಡುಗನ ಧೈರ್ಯಕ್ಕೆ ಪ್ರಶಸ್ತಿ ಬಂತು, ಬರಬೇಕಾದ್ದೇ. ಆದರೆ ಆ ವಿಡಿಯೊವನ್ನು ‘ದಾಟುವುದು ಹೀಗೆ’ ಎಂಬಂತೆ ಹಂಚುವುದನ್ನು ನಾವು ಒಪ್ಪುವುದಿಲ್ಲ. ಕೆಂಪು ನೀರಿನ ಅಡಿಯಲ್ಲಿ ಸೇತುವೆ ಇದೆಯೋ, ಅದರ ಒಂದು ತುಂಡು ಕಿತ್ತುಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ. ನಿನ್ನೆ ದಾಟಿದ ರಸ್ತೆ ಇವತ್ತು ಇಲ್ಲದಿರಬಹುದು. ದಾಟಲಾಗದವರು ಸಾಮಾನ್ಯವಾಗಿ ವಿಡಿಯೊ ಹಾಕುವುದಿಲ್ಲ ಎಂಬುದನ್ನೂ ನೆನಪಿಡಿ.

ನೀರು ನುಗ್ಗಿ ಎಂಜಿನ್ ನಿಂತರೆ? ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದು ಸಹಜ ಪ್ರವೃತ್ತಿ, ದುಬಾರಿಯದೂ ಹೌದು. ಸೈಲೆನ್ಸರಿನಿಂದ ನೀರು ಹೋಗದಂತೆ ಆಕ್ಸಿಲರೇಟರ್ ಒತ್ತಿಕೊಂಡಿರಿ ಎನ್ನುವವರು ಎಂಜಿನ್ ಗಾಳಿ ಎಳೆಯುವ ಇನ್ನೊಂದು ತುದಿಯನ್ನು ಮರೆತಿರುತ್ತಾರೆ. ಆ ಕಡೆಯಿಂದ ಸಿಲಿಂಡರಿಗೆ ನೀರು ಹೋದರೆ ಪಿಸ್ಟನ್ ಅದನ್ನು ಗಾಳಿಯಂತೆ ಅದುಮಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಈ ನಷ್ಟವನ್ನು ಮಾಮೂಲಿ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ, ಎಂಜಿನ್ ರಕ್ಷಣೆಯ ಕವರ್ ಬೇರೆಯೇ ತೆಗೆದುಕೊಂಡಿರಬೇಕು. ಎಂಜಿನ್ ಹಾಳಾದರೆ ಹಾಳಾಗಲಿ, ನೀರು ಏರುತ್ತಿದ್ದರೆ ಕಾರನ್ನು ಅಲ್ಲೇ ಬಿಟ್ಟು ಎತ್ತರಕ್ಕೆ ಹೋಗಿ.

ಅಂಡರ್‌ಪಾಸಿನಲ್ಲಿ ಸಿಕ್ಕಿಕೊಂಡರೆ

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಬಾಡಿಗೆ ಕಾರೊಂದು ಮಳೆನೀರಿನಲ್ಲಿ ಸಿಕ್ಕಿಕೊಂಡಿತು. ಒಳಗೆ ಊರು ನೋಡಲು ಹೊರಟ ಒಂದು ಕುಟುಂಬ. ಉಳಿದವರನ್ನು ಹೊರಗೆಳೆಯಲಾಯಿತು, ಒಬ್ಬ ಯುವತಿ ಉಳಿಯಲಿಲ್ಲ. ವಿಧಾನಸೌಧದ ಹತ್ತಿರ, ನಡುನಗರದಲ್ಲಿ, ಹಾಡಹಗಲು. ಅಂಡರ್‌ಪಾಸ್ ಎಂದರೆ ಸುತ್ತಲ ರಸ್ತೆಗಳ ನೀರೆಲ್ಲ ಬಂದು ಸೇರುವ ಬಟ್ಟಲು. ಇಳಿಯುವಾಗ ನೀರು ಕಡಿಮೆ ಕಂಡರೂ ನಡುವೆ ಎಷ್ಟು ಆಳ ಎಂಬುದು ಕಾರಿನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ.

ಆ ಘಟನೆಯ ನಂತರ ಮತ್ತೆ ಓಡಾಡಿದ್ದು ‘ಹೆಡ್‌ರೆಸ್ಟ್ ಕಿತ್ತು ಗಾಜು ಒಡೆಯಿರಿ, ಅದನ್ನು ಕೀಳಲು ಬರುವಂತೆ ಮಾಡಿರುವುದೇ ಇದಕ್ಕಾಗಿ’ ಎಂಬ ಫಾರ್ವರ್ಡ್. ಹೆಡ್‌ರೆಸ್ಟ್ ಇರುವುದು ಹಿಂದಿನಿಂದ ಗಾಡಿ ಗುದ್ದಿದಾಗ ಕುತ್ತಿಗೆ ಉಳುಕದಿರಲಿ ಎಂದು. ಎತ್ತರ ಹೊಂದಿಸಲು ಅದನ್ನು ಮೇಲೆ ಕೆಳಗೆ ಮಾಡುವ ಏರ್ಪಾಡಿದೆ, ಹಾಗಾಗಿ ಹೊರಗೂ ಬರುತ್ತದೆ. ಅದರ ಕಂಬಿಯಿಂದ ಗಾಜು ಒಡೆಯಲು ಸಾಧ್ಯವೇ ಇಲ್ಲವೆಂದಲ್ಲ. ಆದರೆ ಕತ್ತಲಲ್ಲಿ, ಗಾಬರಿಯಲ್ಲಿ, ಸೊಂಟದವರೆಗಿನ ನೀರಿನಲ್ಲಿ ಆ ಗುಂಡಿ ಒತ್ತಿ ಎಳೆದು, ಬೀಸಲು ಜಾಗ ಹುಡುಕಿ ಒಡೆಯುವುದನ್ನು ನಂಬಿ ಕೂರುವಂತಿಲ್ಲ. ಕೆಲವು ಕಾರುಗಳಲ್ಲಂತೂ ಹೆಡ್‌ರೆಸ್ಟ್ ಸೀಟಿಗೇ ಅಂಟಿಕೊಂಡಿರುತ್ತದೆ. ಮುಂದಿನ ದೊಡ್ಡ ಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಇರುವ ಬಗೆಯದು, ಬಿರುಕು ಬಿಡುತ್ತದೆಯೇ ಹೊರತು ಪುಡಿಯಾಗುವುದಿಲ್ಲ. ಒಡೆಯಬೇಕಾದ್ದು ಪಕ್ಕದ ಗಾಜು, ಅದೂ ಮೂಲೆಯಲ್ಲಿ. ಕೈಗೆ ಸಿಗುವಲ್ಲಿ ಗಾಜು ಒಡೆಯುವ ಪುಟ್ಟ ಸುತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ.

ಬಾಗಿಲನ್ನೇ ಯಾಕೆ ತೆರೆಯಬಾರದು? ತೆರೆಯುವುದು ಹೆಚ್ಚು ಕಡಿಮೆ ಅಸಾಧ್ಯ. ಹೊರಗಿನ ನೀರು ಬಾಗಿಲಿನ ಕೆಳ ಅಂಚಿನಿಂದ ಅರ್ಧ ಮೀಟರ್ ಮೇಲಿದ್ದು ಒಳಗೆ ಇನ್ನೂ ಖಾಲಿಯಿದ್ದರೆ, ಒಂದು ಮೀಟರ್ ಅಗಲದ ಬಾಗಿಲಿನ ಮೇಲೆ ಬೀಳುವ ಒತ್ತಡ ಸುಮಾರು 125 ಕೆ.ಜಿ. ಭಾರಕ್ಕೆ ಸಮ. ಸಿನಿಮಾಗಳಲ್ಲಿ ತೋರಿಸುವಂತೆ ಒಳಗೂ ನೀರು ತುಂಬಿ ಒತ್ತಡ ಸಮನಾಗಲಿ ಎಂದು ಕಾಯುವವರಿದ್ದಾರೆ. ಅಷ್ಟು ಹೊತ್ತಿಗೆ ಉಸಿರಾಡಲು ಗಾಳಿ ಇರುವುದಿಲ್ಲ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಕಾರುಗಳನ್ನು ನಿಜಕ್ಕೂ ನೀರಿಗಿಳಿಸಿ ಪರೀಕ್ಷೆಗಳನ್ನು ಮಾಡಿದವರು. ಅವರು ಹೇಳುವ ಕ್ರಮ ಸರಳ: ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ಹಿಂದೆಯೇ ನೀವೂ ಹೊರಬನ್ನಿ. ಕಾರು ತೇಲುವ ಮೊದಲ ಒಂದು ನಿಮಿಷದಲ್ಲೇ ಇದು ಮುಗಿಯಬೇಕು. ಎಲೆಕ್ಟ್ರಿಕ್ ಕಿಟಕಿಗಳು ನೀರು ಮುಟ್ಟಿದ ಕೂಡಲೇ ಕೈಕೊಡುವುದಿಲ್ಲ, ಶುರುವಿನಲ್ಲಿ ಸಾಮಾನ್ಯವಾಗಿ ಕೆಲಸ ಮಾಡುತ್ತವೆ. ಆದರೆ ನೀರು ಗಾಜಿನ ಮಟ್ಟಕ್ಕೆ ಬಂದ ಮೇಲೆ ಒತ್ತಡಕ್ಕೆ ಗಾಜು ಇಳಿಯದು. ಆದ್ದರಿಂದ ಮೊದಲು ಕಿಟಕಿ, ಫೋನ್ ಆಮೇಲೆ. 112ಕ್ಕೆ ಕರೆ ಮಾಡುವುದು ಕಾರಿನ ಚಾವಣಿ ಹತ್ತಿ ಕುಳಿತ ಮೇಲೂ ಆಗುತ್ತದೆ.

ಗಮನಿಸಿ, ಸಿಡಿಲಿಗೆ ಹೇಳಿದ್ದು ‘ಗಾಜು ಏರಿಸಿ, ಒಳಗೇ ಇರಿ’, ನೀರಿಗೆ ಹೇಳುತ್ತಿರುವುದು ‘ಗಾಜು ಇಳಿಸಿ, ಹೊರಬನ್ನಿ’. ಗುಡುಗುತ್ತಿರುವಾಗಲೇ ನೀರೂ ಏರಿದರೆ ಏನು ಮಾಡುವುದು ಎಂದು ಕೇಳಬಹುದು. ನೀರಿಗೇ ಮೊದಲ ಮಣೆ. ಸಿಡಿಲು ನಿಮಗೇ ಬಡಿಯುವ ಸಂಭವ ಕಡಿಮೆ, ಏರುತ್ತಿರುವ ನೀರು ಮಾತ್ರ ಕಣ್ಣ ಮುಂದೆಯೇ ಇದೆ.

ಘಾಟಿಯಲ್ಲಿ ಎಲ್ಲಿ ನಿಲ್ಲಬೇಕು?

ಶಿರಾಡಿ, ಚಾರ್ಮಾಡಿ, ಸಂಪಾಜೆ, ಆಗುಂಬೆ. ಕರಾವಳಿಗೆ ಹೊರಟವರು ಇಂಥದ್ದೊಂದು ಘಾಟಿಯನ್ನು ಇಳಿಯಲೇಬೇಕು. ಮಳೆ ಜೋರಾದರೆ ಪಕ್ಕಕ್ಕೆ ನಿಲ್ಲಿಸಿ ಎಂಬ ಸಲಹೆ ಬಯಲಿನಲ್ಲಿ ಸರಿ, ಘಾಟಿಯಲ್ಲಿ ಅರ್ಧ ಸರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಒಂದು ಕಡೆ ರಸ್ತೆಗಾಗಿ ಕತ್ತರಿಸಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ನದಿ. ನಡುವಿದ್ದ ಚಹಾ ಅಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಮಣ್ಣು ನದಿಗೆ ತಳ್ಳಿತು. ಒಂದು ಲಾರಿಯನ್ನು ನದಿಯಿಂದ ಎತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿ ಯಾರೂ ಅಜಾಗರೂಕತೆಯಿಂದ ಗಾಡಿ ಓಡಿಸುತ್ತಿರಲಿಲ್ಲ. ಚಹಾ ಕುಡಿಯಲು ನಿಲ್ಲಿಸಿದ್ದರು, ಅಷ್ಟೇ.

ಹಾಗಾಗಿ ನಿಲ್ಲುವುದಾದರೆ ಘಾಟಿ ಶುರುವಾಗುವ ಮೊದಲೇ ನಿಲ್ಲಿ, ಸಕಲೇಶಪುರದಲ್ಲೋ ಕೊಟ್ಟಿಗೆಹಾರದಲ್ಲೋ. ನಡುವೆ ಸಿಕ್ಕಿಕೊಂಡರೆ ನೇರವಾಗಿ ಕಡಿದ ಮಣ್ಣಿನ ಗೋಡೆಯ ಕೆಳಗೆ, ತೊರೆ ರಸ್ತೆಗೆ ಬೀಳುವ ಕಡೆ, ಮೋರಿಯ ಮೇಲೆ ನಿಲ್ಲಬೇಡಿ. ಫೋಟೊಗೆಂದು ಎಲ್ಲರೂ ನಿಲ್ಲುವ ಜಲಪಾತದ ತಿರುವು ಇಂಥದ್ದೇ ಜಾಗ. ಗುಡ್ಡ ಹೇಳದೆ ಕೇಳದೆ ಕುಸಿಯುವುದೂ ಉಂಟು, ಮುನ್ಸೂಚನೆ ಕೊಡುವುದೂ ಉಂಟು: ಪುಟ್ಟ ಕಲ್ಲುಗಳು ಉರುಳಿ ಬರುವುದು, ಮರ ಅಥವಾ ಕಂಬ ಹೊಸದಾಗಿ ವಾಲಿರುವುದು, ರಸ್ತೆಯಂಚಿನಲ್ಲಿ ಬಿರುಕು, ತಿಳಿಯಾಗಿ ಬರುತ್ತಿದ್ದ ತೊರೆ ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ಬತ್ತುವುದು. ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಂದ ಹೊರಡಿ.

ಘಾಟಿ ಬಂದ್ ಆಗಿ ಗಂಟೆಗಟ್ಟಲೆ ಕಾಯುವಾಗ ಗಾಜು ಮುಚ್ಚಿ, ಎಸಿ ಹಾಕಿಕೊಂಡು ನಿದ್ದೆ ಹೋಗುವವರಿದ್ದಾರೆ. ಸೈಲೆನ್ಸರ್ ಕೆಸರಿನಲ್ಲಿ ಹೂತಿದ್ದರೆ ಅಥವಾ ಎಲ್ಲಾದರೂ ಸೋರುತ್ತಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ತಿಳಿಯುವುದೂ ಇಲ್ಲ. ಎಂಜಿನ್ ಆರಿಸಿ, ಕಿಟಕಿ ಒಂದಿಷ್ಟು ಇಳಿಸಿ ಮಲಗಿ.

ಇನ್ನು ಕೆಲವು ಚಿಲ್ಲರೆ ಸಲಹೆಗಳು

‘ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಿ.’ ಬೇಡ. ಅದು ನಿಂತ ಗಾಡಿಯ ಗುರುತು. ಓಡುವಾಗ ಹಾಕಿದರೆ ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ ಹಿಂದಿನವರಿಗೆ ತಿಳಿಯದು, ಎಡಕ್ಕೋ ಬಲಕ್ಕೋ ತಿರುಗುವುದನ್ನು ಹೇಳಲು ನಿಮಗೆ ಇಂಡಿಕೇಟರೇ ಉಳಿಯದು. ಹೆಡ್‌ಲೈಟನ್ನು ಡಿಮ್‌ನಲ್ಲಿಡಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

‘ಹಿಡಿತ ಹೆಚ್ಚಲು ಟೈರಿನ ಗಾಳಿ ಕಡಿಮೆ ಮಾಡಿಸಿ.’ ಮರಳಿನಲ್ಲಿ ಸರಿ, ನೆನೆದ ಡಾಂಬರಿನಲ್ಲಿ ತಪ್ಪು. ಗಾಳಿ ಕಡಿಮೆಯಿದ್ದಷ್ಟೂ ಟೈರು ನೀರನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೇ ಜಾರತೊಡಗುತ್ತದೆ. ಕಂಪನಿ ಹೇಳಿದಷ್ಟು ಗಾಳಿ ಇರಲಿ. ಟೈರಿನ ಗೀರುಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕೆಂದು ನಿಯಮ, ಮಳೆಗೆ ಅದಕ್ಕಿಂತ ಹೆಚ್ಚಿದ್ದರೆ ಮೇಲು. ಕಾರು ಜಾರಿದಂತೆ ಅನಿಸಿದರೆ ಬ್ರೇಕ್ ಜಗ್ಗಿ ಒತ್ತಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗ್ ನೇರ ಹಿಡಿಯಿರಿ.

‘ಕ್ರೂಸ್ ಕಂಟ್ರೋಲ್ ಹಾಕಿದರೆ ಮಳೆಯಲ್ಲಿ ಕಾರು ವಿಮಾನದಂತೆ ಹಾರುತ್ತದೆ.’ ಹಾರುವುದಿಲ್ಲ. ಆದರೂ ಮಳೆಯಲ್ಲಿ ಬಳಸದಿರುವುದೇ ಸರಿ, ವೇಗದ ಹಿಡಿತ ನಿಮ್ಮ ಕಾಲಿನಲ್ಲೇ ಇರಲಿ.

‘ಜೋರು ಮಳೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿದರೆ ರಸ್ತೆ ಸ್ಪಷ್ಟವಾಗಿ ಕಾಣುತ್ತದೆ.’ ಪೋಲರೈಸ್ಡ್ ಕನ್ನಡಕ ನೆನೆದ ರಸ್ತೆಯ ಪ್ರತಿಫಲನವನ್ನು ತಗ್ಗಿಸುವುದು ನಿಜ. ಅದು ಒಟ್ಟು ಬೆಳಕನ್ನೂ ಕಡಿಮೆ ಮಾಡುತ್ತದೆ. ಮೋಡ ಕವಿದು ಕತ್ತಲಾದಾಗ ಇರುವ ಚೂರು ಬೆಳಕನ್ನೂ ಕಳೆದುಕೊಳ್ಳುವುದು ಯಾಕೆ? ವೈಪರಿನ ರಬ್ಬರ್ ಬದಲಿಸಿಕೊಳ್ಳಿ, ಅಗ್ಗವೂ ಹೌದು.

ಕೊನೆಯದು, ‘ರೆಡ್ ಅಲರ್ಟ್’ ಫಾರ್ವರ್ಡ್‌ಗಳು. ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮೀರಿದರೆ ಭಾರಿ ಮಳೆ, 115.6 ಮೀರಿದರೆ ಅತಿ ಭಾರಿ, 204.5 ಮೀರಿದರೆ ಅತ್ಯಂತ ಭಾರಿ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಕೆಂಪು ಇರುವ ಜಿಲ್ಲೆಯಲ್ಲಿ ಘಾಟಿ ಇಳಿಯುವ ಪ್ರವಾಸವನ್ನು ಮುಂದೂಡಿ. ಆದರೆ ಗ್ರೂಪಿಗೆ ಬಂದ ಅಲರ್ಟ್ ಚಿತ್ರ ಎಷ್ಟೋ ಸಲ ಕಳೆದ ವರ್ಷದ್ದಾಗಿರುತ್ತದೆ, ತಾರೀಖು ಕತ್ತರಿಸಿರುತ್ತದೆ. ಹಂಚುವ ಮೊದಲು ಇಲಾಖೆಯ ವೆಬ್‌ಸೈಟಿನಲ್ಲಿ ಅಥವಾ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್‌ನಲ್ಲಿ ಇವತ್ತಿನ ತಾರೀಖಿನ ಎಚ್ಚರಿಕೆ ನೋಡಿಕೊಳ್ಳಿ. ಘಾಟಿಯೊಳಗೆ ನೆಟ್‌ವರ್ಕ್ ಸಿಗದು, ಅದಕ್ಕೇ ಇದನ್ನು ಹೊರಡುವ ಮೊದಲೇ, ಮನೆಯಲ್ಲೇ ಮಾಡಿ ಮುಗಿಸಬೇಕು.